ಅವ್ವ ಹತ್ತಿದ ಬಿಳಿ ಗಾಡಿ

ಮೊನ್ನೆ ಜೋಳದ ಡಬ್ಬಿಯ ತಳ ಕೆರೆಯುವಾಗ ನನ್ನ ಹೆಂಡತಿ ಸುವರ್ಣಾಳ ಕೈಗೆ ಕರಿಯದೊಂದು ಬಿಲ್ಲೆ ಸಿಕ್ಕಿತು. "ಏನ್ರೀ, ಇದು ಯಾವ ಡಬ್ಬಿ ಮುಚ್ಚಳ?" ಎಂದು ಅಂಗಳದಲ್ಲಿ ಬಿಸಿಲಿಗೆ ಕೂತಿದ್ದ ನನ್ನ ತೊಡೆಯ ಮೇಲೆ ಒಗೆದು ಹೋದಳು. ನೋಡಿದರೆ ನನ್ನ ಕ್ಯಾಮೆರಾದ ಕಣ್ಣಿನ ಮುಚ್ಚಳ! ಅದಕ್ಕಾಗಿ ನಾನು ಅಂಗಡಿ, ಮನೆ, ಮಾಳಿಗೆ ಎಲ್ಲ ಜಾಲಾಡಿದ್ದೆ. ಜೋಳದೊಳಗೆ ಅದು ಹೇಗೆ ಸೇರಿತು ಎಂದು ಕೇಳಿದರೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಕಳೆದ ಸಾಮಾನು ಹುಡುಕಿದಾಗ ಸಿಗುವುದಿಲ್ಲ, ಜೋಳ ತೀರಿದಾಗ ಸಿಗುತ್ತದೆ.

ಆ ಮುಚ್ಚಳವನ್ನು ಬೆರಳಲ್ಲಿ ತಿರುಗಿಸುತ್ತ ಕೂತವನಿಗೆ ಹೋದ ಚಳಿಗಾಲದ ಆ ಪ್ರವಾಸ ನೆನಪಾಯಿತು. ಆ ಪ್ರವಾಸದಲ್ಲಿ ನಿಜವಾಗಿ ಏನು ನಡೆಯಿತು ಎಂಬುದು ನನಗೆ ಇನ್ನೂ ಸರಿಯಾಗಿ ತಿಳಿದಿಲ್ಲ. ತಿಳಿದಷ್ಟು ಹೇಳುತ್ತೇನೆ, ಉಳಿದದ್ದು ನಿಮಗೇ ಹೊಳೆದೀತು.

ಮೊದಲು ಗುಡ್ಡದ ಮಾತು. ನಾನು ಹುಟ್ಟಿ ಬೆಳೆದದ್ದು ಆಳಂದ ತಾಲೂಕಿನ ನರೋಣಾದಲ್ಲಿ. ನಮ್ಮ ಕಡೆಯ ನೆಲ ನಿಮಗೆ ಗೊತ್ತಲ್ಲ, ಕಣ್ಣು ಹಾಯಿಸಿದಷ್ಟೂ ತೊಗರಿ, ಜೋಳ, ಕರಿ ಎರೆಮಣ್ಣು. ಕಣದಲ್ಲಿ ಒಟ್ಟಿದ ಜೋಳದ ಕಣಕಿಯ ಬಣವಿಗಿಂತ ಎತ್ತರದ್ದನ್ನು ಸಣ್ಣವರಿದ್ದಾಗ ನಾವು ಹತ್ತಿದ್ದೇ ಇಲ್ಲ. ಅದರ ತುದಿಗೆ ಹೋಗಿ ನಿಂತು, ಮಟಕಿ ಊರಿನ ಗುಡಿಯ ಶಿಖರ ಕಾಣಿಸಿತು ಎಂದು ಸುಳ್ಳು ಹೇಳಿ, ಕೆಳಗೆ ಜಾರಿ, ಮೈಯೆಲ್ಲ ಕೆರೆದುಕೊಂಡು ಮನೆಗೆ ಬಂದರೆ ಅವ್ವ ಬಿಸಿನೀರು ಸುರಿಯುತ್ತ ಬೆನ್ನಿಗೆ ನಾಲ್ಕು ಹಾಕುತ್ತಿದ್ದಳು.

ನಾನು ಕಂಡ ಮೊದಲ ಪರ್ವತವೂ ನಿಜದ್ದಲ್ಲ. ಅದು ಆಳಂದದ ಫೋಟೋ ಸ್ಟುಡಿಯೋದ ಪರದೆಯ ಮೇಲಿತ್ತು. ನೀಲಿ ಗುಡ್ಡ, ತಲೆಯ ಮೇಲೆ ಸುಣ್ಣ ಬಳಿದಂಥ ಹಿಮ, ಕೆಳಗೆ ಕೆರೆ, ಕೆರೆಯಲ್ಲಿ ಎರಡು ಹಂಸ. ನನಗೆ ಹೊಸ ಚಡ್ಡಿ ಹಾಕಿಸಿ, ಅವ್ವ ತನ್ನ ಇಳಕಲ್ಲ ಸೀರೆ ಉಟ್ಟು ಅದರ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಂಡಿದ್ದಳು. ಆ ಫೋಟೋ ಯಾವುದೋ ಮನೆ ಸುಣ್ಣದ ಗದ್ದಲದಲ್ಲಿ ಹಾಳಾಯಿತು. ಅವ್ವನ ತಲೆಯಿಂದ ಮಾತ್ರ ಆ ಗುಡ್ಡ ಹೋಗಿರಲಿಲ್ಲ ಎಂದು ನನಗೆ ತಿಳಿದದ್ದು ಹೋದ ವರ್ಷ.

ಈಗ ನಾನು ಆಳಂದದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದೇನೆ. ನಡು ವಯಸ್ಸಿನಲ್ಲಿ ಕೆಲವರಿಗೆ ವೈರಾಗ್ಯ ಬರುತ್ತದೆ, ನನಗೆ ಕ್ಯಾಮೆರಾ ಬಂತು. ಕಲಬುರಗಿಯಲ್ಲಿ ಮದುವೆ ಫೋಟೋ ತೆಗೆಯುವವನೊಬ್ಬ ಹೊಸದು ತೆಗೆದುಕೊಂಡು ಹಳೆಯದನ್ನು ನನಗೆ ದಾಟಿಸಿದ. ಅದಕ್ಕಿರುವಷ್ಟು ಗುಂಡಿ ನನ್ನ ಅಂಗಡಿಯ ಶೇರ್ವಾನಿಗೂ ಇಲ್ಲ. ಒಂದು ಒತ್ತಿದರೆ ಜನ ಕಪ್ಪಾಗುತ್ತಾರೆ, ಇನ್ನೊಂದು ಒತ್ತಿದರೆ ಹಿಂದಿನ ಗೋಡೆ ಮಾಯವಾಗುತ್ತದೆ. ಗಿರಾಕಿಗಳು, ಎಮ್ಮೆ, ಸೂರ್ಯಾಸ್ತ ಎಲ್ಲ ಮುಗಿದ ಮೇಲೆ ಒಂದು ದಿನ ಅವ್ವನನ್ನು ಕೂಡಿಸಿ ಪಟ ತೆಗೆಯುತ್ತಿದ್ದೆ. ಆಕೆ ಒಮ್ಮೆಲೇ ಕೇಳಿದಳು: "ತಮ್ಮಾ, ಆ ಸ್ಟುಡಿಯೋದಾಗ ಪರದೆ ಇತ್ತಲ್ಲ, ಅಂಥಾ ಗುಡ್ಡ ಖರೇನ ಇರ್ತಾವೇನು?"

"ಇರ್ತಾವ ಅವ್ವಾ."

"ನೀ ನೋಡೀದೇನು?"

ನಾನೂ ನೋಡಿರಲಿಲ್ಲ. ಹಿಮಾಲಯ ನಮ್ಮ ಅಳತೆಗೆ ದೂರ. ಸೋಲಾಪುರ ದಾಟಿ, ಪಂಢರಪುರ, ಫಲಟಣ ಹಾದು ಸಹ್ಯಾದ್ರಿ ಏರಿದರೆ ಮಹಾಬಳೇಶ್ವರ ಸಿಗುತ್ತದೆ. ಹಿಮ ಇಲ್ಲದಿದ್ದರೂ ಗುಡ್ಡ ಗುಡ್ಡವೇ ಅಲ್ಲವೇ? ಜೇವರ್ಗಿಯಲ್ಲಿರುವ ನನ್ನ ಹೆಂಡತಿಯ ತಮ್ಮ ರೇವಣಸಿದ್ಧನಿಗೆ ಫೋನು ಮಾಡಿದೆ. ಅವನ ಹತ್ತಿರ ಬಿಳಿ ಬಣ್ಣದ ದೊಡ್ಡ ಗಾಡಿ ಇದೆ, ಓಡಿಸುವ ಹುಚ್ಚೂ ಇದೆ. "ಯಾವಾಗ ಬರಲಿ ಮಾಮಾ?" ಎಂದ. ಯಾಕೆ, ಎಲ್ಲಿಗೆ ಎಂದು ಕೇಳಲೇ ಇಲ್ಲ.

ಹೊರಡುವ ಹೊತ್ತಿಗೆ ಅವ್ವ ಅಫಜಲಪುರ ತಾಲೂಕಿನ ಅತನೂರಿನಲ್ಲಿ, ತನ್ನ ತವರಿನಲ್ಲಿದ್ದಳು. ಹೀಗಾಗಿ ಆಳಂದದಿಂದ ಸೀದಾ ಸೋಲಾಪುರಕ್ಕೆ ಹೋಗುವುದು ಬಿಟ್ಟು ಮೊದಲು ಅತನೂರಿಗೆ ಹೋದೆವು. ಬುತ್ತಿಯ ಗಂಟು ಹಿಡಿದು ಅವ್ವ ಓಣಿಯ ತುದಿಯಲ್ಲೇ ನಿಂತಿದ್ದಳು. ಗಾಡಿಯಲ್ಲಿ ಯಾರು ಎಲ್ಲಿ ಎಂಬುದು ಆಗಲೇ ಗಟ್ಟಿಯಾಗಿತ್ತು. ಮುಂದೆ ರೇವಣಸಿದ್ಧ, ಅವನ ಪಕ್ಕ ನಾನು, ಯಾಕೆಂದರೆ ಫೋಟೋಕ್ಕೆ ಮುಂದಿನ ಗಾಜು ಬೇಕು. ನಡುವಿನ ಸೀಟಿನಲ್ಲಿ ಸುವರ್ಣಾ, ಯಾಕೆಂದರೆ ಆಕೆಗೆ ವಾಂತಿ. ಆಕೆಯ ಪಕ್ಕ ಕ್ಯಾಮೆರಾ ಚೀಲ ಮತ್ತು ಅದರ ಮೂರು ಕಾಲಿನ ಸ್ಟ್ಯಾಂಡು, ಯಾಕೆಂದರೆ ಅವು ಅಲುಗಾಡಬಾರದು. ಹಿಂದಿನ ಸೀಟಿನಲ್ಲಿ ಅವ್ವ ಮತ್ತು ಬುತ್ತಿ. "ನಂಗೆಲ್ಲಾದ್ರೂ ನಡೀತದ ತಗೋ" ಎಂದು ಆಕೆ ಸೀರೆ ಎತ್ತಿಕೊಂಡು ಹತ್ತಿ ಕೂತಳು.

ಅವ್ವನಿಗೆ ನನ್ನ ಅಂಗಡಿಯದೇ ಒಂದು ಶಾಲು ಹೊದಿಸಿದ್ದೆ. ಕಂದುಗೆಂಪು, ಅಂಚಿಗೆ ಹಳದಿ ಪಟ್ಟಿ, ಸೋಲಾಪುರದ ಮಾಲು. ಮೇಲೊಂದು ಕಣ್ಣು ಮೂಗು ಬಿಟ್ಟು ಉಳಿದದ್ದೆಲ್ಲ ಮುಚ್ಚುವ ಮಂಗನ ಟೊಪ್ಪಿಗೆ. "ನಾನೇನು ಮಂಗ್ಯಾ ಏನೋ?" ಎಂದು ನಕ್ಕಳು. ಆದರೆ ಹಾಕಿಕೊಂಡಳು.

ಬೆಟ್ಟದ ಮೇಲಿನ ಊರು ಸೇರಿದಾಗ ಸಂಜೆ ಕತ್ತಲಾಗಿತ್ತು, ಏನೂ ಕಾಣಲಿಲ್ಲ. ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಆಗಲೂ ಏನೂ ಕಾಣಲಿಲ್ಲ. ಸಮುದ್ರದಲ್ಲಿ ಏನೋ ಗಾಳಿ ಎದ್ದಿದೆಯಂತೆ, ಅಕಾಲದ ಮೋಡ ಬಂದು ಬೆಟ್ಟದ ಮೇಲೆ ಕೂತಿದೆಯಂತೆ. ಲಾಡ್ಜಿನವನು ಅದನ್ನು ಬಹಳ ಹೆಮ್ಮೆಯಿಂದ ಹೇಳಿದ. ಆದರೂ ಕಣಿವೆ ಕಾಣುವ ಜಾಗ ಎಂದು ಎಲ್ಲರೂ ಹೋಗುವ ಕಡೆಗೆ ನಾವೂ ಹೋದೆವು. ಅಲ್ಲಿ ಒಂದು ಚಹಾದ ಅಂಗಡಿ, ಕಬ್ಬಿಣದ ಕಟಕಟೆ, ಕಟಕಟೆಯ ಆಚೆ ಅರಿವೆ ಕಟ್ಟಿದಂತೆ ಬಿಳಿ ಮಂಜು. ಈಚೆ ಸಾಲಾಗಿ ನಿಂತ ಗಾಡಿಗಳು. ಪ್ರವಾಸಕ್ಕೆ ಬರುವವರೆಲ್ಲ ಬಿಳಿ ಗಾಡಿಯನ್ನೇ ಯಾಕೆ ತರುತ್ತಾರೋ! ಆ ಮಂಜಿನಲ್ಲಿ ಅವೂ ಅರ್ಧ ಕರಗಿ ನಿಂತಿದ್ದವು.

ನಾನು ಸ್ಟ್ಯಾಂಡು ಹೂಡಿ ಕ್ಯಾಮೆರಾ ಏರಿಸಿದೆ. ಬಿಳಿ. ಗುಂಡಿ ಬದಲಿಸಿದೆ. ಮತ್ತೂ ಬಿಳಿ. ಅವ್ವ ಪಕ್ಕದಲ್ಲಿ ಬಂದು ನಿಂತು, "ಗುಡ್ಡ ಎಲ್ಲದಪಾ?" ಎಂದಳು.

"ಮುಂದ ಅದ ಅವ್ವಾ. ಮಂಜು ಸರೀಬೇಕು."

ಸ್ವಲ್ಪ ಹೊತ್ತಿಗೆ ಮತ್ತೆ, "ಯಾವ ಕಡಿ ಅದ?"

"ಅವ್ವಾ, ಜರಾ ಸುಮ್ನಿರು. ಹೋಗಿ ಗಾಡ್ಯಾಗ ಕೂಡು, ಥಂಡಿ ಹತ್ತತದ" ಎಂದೆ, ಕಣ್ಣು ಕ್ಯಾಮೆರಾದಿಂದ ತೆಗೆಯದೆ.

ಅವ್ವ ಎಂದೂ ನನ್ನ ಮಾತು ಕೇಳಿದವಳಲ್ಲ. ಅವತ್ತು ಕೇಳಿದಳು. ಹೋಗಿ ಗಾಡಿಯಲ್ಲಿ ಕೂತಳು.

ಮಂಜು ಸರಿಯುವ ಲಕ್ಷಣ ಕಾಣಲಿಲ್ಲ. ಇನ್ನೊಂದು ಜಾಗ ನೋಡೋಣ ಎಂದು ರೇವಣಸಿದ್ಧ ಗಾಡಿ ಶುರು ಮಾಡಿದ. ಸುವರ್ಣಾ ಹಿಂದೆ ತಿರುಗಿ ನೋಡಿ, "ಅತ್ತಿ ಕುಂತಾರ, ನಡೀರಿ" ಎಂದಳು. ಹಿಂದಿನ ಸೀಟಿನ ಮೂಲೆಯಲ್ಲಿ ಕಂದುಗೆಂಪು ಶಾಲು, ಮಂಗನ ಟೊಪ್ಪಿಗೆ, ಕಿಟಕಿಯ ಕಡೆ ಹೊರಳಿದ ಮುಖ.

ಗಾಡಿ ಮಂಜಿನಲ್ಲಿ ಬಸವನಹುಳದಂತೆ ಹೊರಟಿತು. ಸುವರ್ಣಾ ಶೇಂಗಾ ಹೋಳಿಗೆ ಬಿಚ್ಚಿ, "ಅತ್ತಿ, ತಗೋರಿ" ಎಂದು ಹಿಂದಕ್ಕೆ ಚಾಚಿದಳು. ಶಾಲಿನೊಳಗಿಂದ ಒಂದು ಕೈ ಬಂದು ಹೋಳಿಗೆ ತೆಗೆದುಕೊಂಡು ಒಳಗೆ ಹೋಯಿತು. ಮಾತಿಲ್ಲ. ಸುವರ್ಣಾ ನನ್ನ ಭುಜ ತಿವಿದು ಸಣ್ಣ ದನಿಯಲ್ಲಿ, "ಅತ್ತಿ ಸಿಟ್ಟಾಗ್ಯಾರ್ರಿ. ನೀವು ಗದರಿಸಿದ್ದು ಬರೋಬರಿ ಆಗಿಲ್ಲ. ಮಾತಾಡ್ರಿ" ಎಂದಳು.

ನಾನು ಮಾತಾಡಿದೆ. ಮುಂದೆ ನೋಡುತ್ತಲೇ, ಗಂಟಲು ಸರಿ ಮಾಡಿಕೊಂಡು ಬಹಳ ಹೊತ್ತು ಮಾತಾಡಿದೆ. "ಅವ್ವಾ, ನಾ ಅಂದದ್ದು ಮನಸಿಗಿ ಹಚ್ಕೋಬ್ಯಾಡ. ನಿನ್ನ ಸಲುವಾಗೇ ಇಷ್ಟು ದೂರ ಬಂದೇವಿ. ನಿನಗ ಗುಡ್ಡ ತೋರಸಲಾರದ ನಾ ಊರಿಗಿ ಬರಾಂಗಿಲ್ಲ" ಎಂದೆಲ್ಲ ಹೇಳಿದೆ. ಅಪ್ಪ ತೀರಿಕೊಂಡ ಮೇಲೆ ಆಕೆ ನನ್ನನ್ನು ಹೇಗೆ ಸಾಕಿದಳು ಎಂಬುದನ್ನೂ ಹೇಳಿದೆ. ಅಷ್ಟು ಮಾತನ್ನು ನಾನು ಅವ್ವನಿಗೆ ಜನ್ಮದಲ್ಲಿ ಹೇಳಿರಲಿಲ್ಲ. ಹೇಳುತ್ತ ಹೇಳುತ್ತ ನನ್ನ ಕಣ್ಣೇ ತೇವವಾದವು. ಸ್ಟಿಯರಿಂಗ್ ಹಿಡಿದ ರೇವಣಸಿದ್ಧನೂ ಮೂಗು ಒರೆಸಿಕೊಂಡ. ಹಿಂದಿನಿಂದ ಉತ್ತರವಾಗಿ ಒಂದು ಗೊರಕೆ ಬಂತು.

ನಗು ಬಂದು, ಮಲಗಿದ ಅವ್ವನದೊಂದು ಫೋಟೋ ಇರಲಿ ಎಂದು ತಿರುಗಿ ಕ್ಯಾಮೆರಾ ಒತ್ತಿದೆ. ಪರದೆಯ ಮೇಲೆ ನೋಡಿದರೆ, ಹೋಳಿಗೆ ತಿನ್ನಲು ಟೊಪ್ಪಿಗೆ ಕೆಳಗೆ ಸರಿಸಿದ್ದ ಗದ್ದದ ಮೇಲೆ ಮೂರು ಹಸಿರು ಚುಕ್ಕೆ. ಗಾಜಿಗೆ ಏನೋ ಹತ್ತಿದೆ ಎಂದು ಅಂಗಿಯ ತುದಿಯಿಂದ ಒರೆಸಿ ಮತ್ತೊಂದು ತೆಗೆದೆ. ಚುಕ್ಕೆ ಹೋಗಲಿಲ್ಲ. ಬಣ್ಣದ ಗುಂಡಿ ಕೆಟ್ಟಿರಬೇಕೆಂದು ಅದನ್ನೂ ತಿರುಗಿಸಿದೆ. ಚುಕ್ಕೆ ಅಲ್ಲೇ ಇದ್ದವು, ಜೊತೆಗೆ ಮೂಗಿನಲ್ಲೊಂದು ನತ್ತು ಮಿಂಚಿತು. ಆ ಕಲಬುರಗಿಯವನಿಗೆ ಮನಸ್ಸಿನಲ್ಲೇ ಬೈದೆ. ಕ್ಯಾಮೆರಾ ಬಿಟ್ಟು ಬರಿಗಣ್ಣಿನಿಂದ ನೋಡಬೇಕೆಂದು ಹೊಳೆಯಲು ನನಗೆ ಅಷ್ಟು ಹೊತ್ತು ಹಿಡಿಯಿತು. ಅವು ಹಚ್ಚೆಯ ಚುಕ್ಕೆ.

"ರೇವಣಸಿದ್ಧಾ, ಗಾಡಿ ನಿಂದರಸು" ಎಂದೆ. "ಇಕಿ ನಮ್ಮವ್ವ ಅಲ್ಲ."

ಗಾಡಿ ನಿಂತ ಧಕ್ಕೆಗೆ ಆ ಅಜ್ಜಿಗೆ ಎಚ್ಚರಾಯಿತು. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. "ಅಗಬಾಯಿ! ತುಮ್ಹಿ ಕೋಣ?" ಎಂದು ಕಿರುಚಿದಳು. ಗಡಿಯವರಾದ ನಮಗೆ ಮರಾಠಿ ತಿಳಿಯುತ್ತದೆ, ಆದರೆ ನೀವು ಯಾರು ಎಂಬ ಪ್ರಶ್ನೆಗೆ ಆ ಹೊತ್ತಿನಲ್ಲಿ ಏನು ಉತ್ತರ ಕೊಡಬೇಕೋ ತಿಳಿಯಲಿಲ್ಲ. "ನನ್ನ ಪ್ರಕಾಶ ಎಲ್ಲಿ?" ಎಂದು ಅಳತೊಡಗಿದಳು. ಸುವರ್ಣಾ ಹಿಂದಿನ ಸೀಟಿಗೆ ದಾಟಿ ಆಕೆಯ ಕೈ ಹಿಡಿದು ನಿಧಾನಕ್ಕೆ ವಿಚಾರಿಸಿದಳು. ಹೆಸರು ಸಖೂಬಾಯಿ, ಕರಾಡ ಕಡೆಯವಳು, ಮಗ ಸೊಸೆಯ ಜೊತೆ ಬಂದಿದ್ದಾಳೆ. ಹೊದ್ದ ಶಾಲೂ ಸೋಲಾಪುರದ್ದೇ, ನನ್ನ ಅಂಗಡಿಯದರಂಥದೇ. ವಾಂತಿ ಆಗದಿರಲಿ ಎಂದು ಗುಳಿಗೆ ನುಂಗಿದ್ದಕ್ಕೆ ನಿದ್ದೆ ಬಂದು, ಕಂಡ ಬಿಳಿ ಗಾಡಿ ಹತ್ತಿ ಮಲಗಿಬಿಟ್ಟಿದ್ದಾಳೆ. ಮಗನ ಫೋನ್ ನಂಬರು ಬಾಯಿಗೆ ಬರುವುದಿಲ್ಲ. ಅವ್ವನಿಗಂತೂ ಫೋನೇ ಇಲ್ಲ.

ತಿರುಗಿ ಚಹಾದ ಅಂಗಡಿಗೆ ಬಂದೆವು. ಅಂಗಡಿಯ ಹೆಂಗಸು, "ಎರಡು ಬಿಳಿ ಗಾಡಿ ಒಟ್ಟಿಗೇ ಹೋದವು. ಒಂದು ನಿಮ್ಮದು, ಇನ್ನೊಂದು ಯಾರದೋ" ಎಂದಳು. ಆ ಯಾರದೋ ಗಾಡಿಯಲ್ಲಿ ಅವ್ವ ಇದ್ದಾಳೆಯೋ ಅಥವಾ ಗಾಡಿ ಹುಡುಕುತ್ತ ಮಂಜಿನಲ್ಲಿ ಎತ್ತಲೋ ನಡೆದಿದ್ದಾಳೆಯೋ? ರೇವಣಸಿದ್ಧ ಊರಿನ ಕಡೆ ಇಳಿಯುವ ದಾರಿಯಲ್ಲಿ ಹುಡುಕಲು ಗಾಡಿ ತೆಗೆದುಕೊಂಡು ಹೋದ. ಸುವರ್ಣಾ ಸಖೂಬಾಯಿಯನ್ನು ಬೆಂಚಿನ ಮೇಲೆ ಕೂಡಿಸಿ ಚಹಾ ಕುಡಿಸುತ್ತಿದ್ದಳು. ನಾನು "ಅವ್ವಾ, ಅವ್ವಾ" ಎಂದು ಕೂಗುತ್ತ ಕಟಕಟೆಯ ಗುಂಟ ನಡೆದೆ.

ಒಂದು ಕಡೆ ಕಟಕಟೆ ಮುರಿದಿತ್ತು. ಅಲ್ಲಿ ನಿಂತು ಕೆಳಗೆ ಬಗ್ಗಿ ನೋಡಿದೆ. ಮಂಜು ಒಂದು ಕ್ಷಣ ಹರಿದಾಗ ಆಳದಲ್ಲಿ, ಪೊದೆಯೊಂದಕ್ಕೆ ಸಿಕ್ಕಿಕೊಂಡು ಕಂದುಗೆಂಪಿನದೇನೋ ಅಲುಗಾಡಿತು.

ಮತ್ತೆ ಮಂಜು ಮುಚ್ಚಿತು. ಕೊರಳಲ್ಲಿದ್ದ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು, ದೂರದ್ದನ್ನು ಹತ್ತಿರ ತರುವ ಬಳೆಯನ್ನು ತಿರುಗಿಸುತ್ತ ಕಾದೆ. ಮಂಜು ಇನ್ನೊಮ್ಮೆ ಹರಿಯಿತು. ಒತ್ತಿದೆ. ಪರದೆಯ ಮೇಲೆ ಅದನ್ನು ದೊಡ್ಡದು ಮಾಡಿ ನೋಡಿದೆ. ಹರಿದ ಗೋಣಿಚೀಲ. ಮಣ್ಣು ಮೆತ್ತಿದ ಹಳೆಯ ಗೋಣಿಚೀಲ. ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಅತ್ತೆ. ಬಟ್ಟೆಯನ್ನು ದೂರದಿಂದ ನೋಡಿಯೇ ಇಂಥ ಊರಿನ ಮಾಲು ಎಂದು ಹೇಳುವವನು ನಾನು.

ಹೊತ್ತು ಏರಿತು. ರೇವಣಸಿದ್ಧ ಬರಿಗೈಯಲ್ಲಿ ತಿರುಗಿ ಬಂದ. ಪೊಲೀಸರ ಹತ್ತಿರ ಹೋಗೋಣ ಎಂದು ನಾವು ಎದ್ದು ನಿಂತಾಗ ಒಂದು ಬಿಳಿ ಗಾಡಿ ಬಂದು ನಿಂತಿತು. ಮುಂದಿನ ಸೀಟಿನಲ್ಲಿ, ಗಾಜು ಇಳಿಸಿಕೊಂಡು, ಟೊಪ್ಪಿಗೆ ತೆಗೆದು, ಹಣೆಯ ವಿಭೂತಿ ಎದ್ದು ಕಾಣುವಂತೆ ಕೂತು ಅವ್ವ ಸುಟ್ಟ ಮೆಕ್ಕೆಜೋಳ ತಿನ್ನುತ್ತಿದ್ದಳು.

ಓಡಿಹೋಗಿ ಆಕೆಯ ಎರಡೂ ಕೈ ಹಿಡಿದೆ. ತೆನೆ ಕೆಳಗೆ ಬಿತ್ತು.

"ಯಾಕಳ್ತೀಯೋ?" ಎಂದಳು ಅವ್ವ. "ನೀವು ಎಲ್ಲಿಗಿ ಹೋಗಿದ್ರಿ? ಹುಡುಕಿ ಹುಡುಕಿ ಹೈರಾಣ ಆದ್ವಿ!"

ಗಾಡಿಯಿಂದ ಇಳಿದವನು ಪ್ರಕಾಶ, ಸಖೂಬಾಯಿಯ ಮಗ. ತಾಯಿಯನ್ನು ಕಂಡು ಅವನ ಮುಖವೂ ನನ್ನದರಂತೆಯೇ ಆಯಿತು. ಸಾವರಿಸಿಕೊಂಡು ನಡೆದದ್ದನ್ನು ಹೇಳಿದ. ಗಾಡಿ ಸ್ವಲ್ಪ ದೂರ ಹೋಗುವಷ್ಟರಲ್ಲೇ ಅವರಿಗೆ ಅದಲುಬದಲಾದದ್ದು ಗೊತ್ತಾಗಿದೆ. ತಿರುಗಿ ಚಹಾದ ಅಂಗಡಿಗೆ ಹೋಗೋಣ ಎಂದರೆ ಅವ್ವ ಬೇಡ ಎಂದಿದ್ದಾಳೆ. "ನನ್ನ ಮಗನ ಗಾಡಿ ಮುಂದ ಹೋಗ್ಯದ, ನಿಮ್ಮವ್ವ ಅದರಾಗೇ ಇರ್ತಾಳ, ನಡೀರಿ" ಎಂದು ತನ್ನ ಮುರುಕು ಮರಾಠಿಯಲ್ಲಿ ಖಂಡಿತವಾಗಿ ಹೇಳಿದ್ದಾಳೆ. ಗಾಡಿ ಗುರುತು ಹಿಡಿಯಬೇಕಲ್ಲ ಎಂದು ಆಕೆಯನ್ನು ಮುಂದೆ ಕೂಡಿಸಿಕೊಂಡಿದ್ದಾರೆ. ಒಂದು ಜಾಗಕ್ಕೆ ಹೋದರೆ ಅವ್ವ ಇಳಿದು, ಸುತ್ತ ನೋಡಿ, "ಇಲ್ಲಿಲ್ಲ, ಇನ್ನೂ ಮುಂದ" ಎನ್ನುವಳು. ಅಲ್ಲಿಂದ ಮುಂದಿನ ಜಾಗ. ಅಲ್ಲಿಯೂ ಇಳಿಯುವಳು, ಸಾವಕಾಶವಾಗಿ ನೋಡುವಳು, "ಇನ್ನೂ ಮುಂದ". ಹೀಗೆ ಆ ಬೆಟ್ಟದ ಮೇಲೆ ನೋಡಬೇಕಾದದ್ದೆಲ್ಲ ಮುಗಿದ ಮೇಲೆ, "ಇನ್ನ ತಿರುಗಿ ಹೋಗೂಣ್ರಿ" ಎಂದಿದ್ದಾಳೆ.

"ಮ್ಯಾಲಿನ ಜಾಗದಾಗ ಮಂಜಿರಲಿಲ್ಲೇನು?" ಎಂದು ಕೇಳಿದೆ.

"ಮ್ಯಾಲ ಎಲ್ಲೀದು?" ಎಂದಳು ಅವ್ವ. "ಮಂಜೆಲ್ಲ ಕೆಳಗಿತ್ತು, ಹಾಲು ಉಕ್ಕಿದಂಗ. ಅದರಾಗಿಂದ ಗುಡ್ಡ ತಲಿ ಎತ್ತಿ ನಿಂತಿದ್ವು, ಒಂದರ ಹಿಂದ ಒಂದು. ಪರದಿಮ್ಯಾಗಿನ ಗುಡ್ಡ ಏನೂ ಅಲ್ಲ ತಗೋ. ಒಂದರ ಮ್ಯಾಲ ರಾಜಾನ ಕ್ವಾಟಿನೂ ಅದ. ನೀವು ನೋಡಿಲ್ಲೇನು?"

ನಾವು ಆಮೇಲೆ ಅವಸರದಿಂದ ಅಲ್ಲಿಗೆಲ್ಲ ಹೋದೆವು. ಅಷ್ಟರಲ್ಲಿ ಮೋಡ ಮೇಲಕ್ಕೇರಿ ಅಲ್ಲಿಯೂ ಎಲ್ಲ ಬಿಳಿಯಾಗಿತ್ತು. ಮರುದಿನವೂ ಹಾಗೇ. ನನ್ನ ಕ್ಯಾಮೆರಾದಲ್ಲಿ ಈಗಲೂ ಆ ಪ್ರವಾಸದ ಫೋಟೋಗಳಿವೆ. ಹಿಟ್ಟಿನ ಗಿರಣಿಯೊಳಗೆ ನಿಂತು ತೆಗೆದಂತಿವೆ. ನಾವು ನಾಲ್ವರು ಗುಡ್ಡ ನೋಡಲು ಹೋಗಿದ್ದೆವು, ಗುಡ್ಡ ನೋಡಿ ಬಂದವಳು ಅವ್ವ ಒಬ್ಬಳೇ.

ಈಗ ನನ್ನ ಗೊಂದಲಕ್ಕೆ ಬರುತ್ತೇನೆ. ಅವ್ವನಿಗೆ ಅವತ್ತು ನಿಜವಾಗಿ ದಿಕ್ಕು ತಪ್ಪಿತ್ತೋ, ಇಲ್ಲವೋ? ಓಣಿಯ ಹೆಂಗಸರ ಮುಂದೆ ಆಕೆ, "ಅಯ್ಯ, ಎದಿ ಝಲ್ಲಂತು ನೋಡವ್ವಾ, ಪರದೇಶದಾಗ ಒಬ್ಬಾಕಿ ಉಳದ್ನಲ್ಲಾ ಅಂತ ಅತ್ತೆ" ಎನ್ನುತ್ತಾಳೆ. ಅತನೂರಿನಲ್ಲಿರುವ ತನ್ನ ತಂಗಿಗೆ ಫೋನಿನಲ್ಲಿ ಹೇಳುವಾಗ ಅಳುವ ಭಾಗ ಇರುವುದಿಲ್ಲ, ಬರೀ ನಗುವೇ ಕೇಳಿಸುತ್ತದೆ. ಒಂದು ದಿನ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಾಗ ನಾನೇ ಕೇಳಿದೆ. "ಅವ್ವಾ, ಖರೇ ಹೇಳು. ಬ್ಯಾರೆ ಗಾಡಿ ಅಂತ ನಿನಗ ಗೊತ್ತಿತ್ತೇನು?"

ಆಕೆ ಮೊರದಿಂದ ಕಲ್ಲು ಹೆಕ್ಕುತ್ತಲೇ, "ಗಾಡಿ ಹತ್ತೂ ಮುಂದ ಗೊತ್ತಿರಲಿಲ್ಲಪಾ" ಎಂದಳು.

"ಮತ್ತ ಗೊತ್ತಾದ ಮ್ಯಾಲ?"

"ಇಳೀಬೇಕಂತ ಬಾಗಲಕ್ಕ ಕೈ ಹಾಕಿದ್ದೆ. ಅಷ್ಟರಾಗ ಆ ಹುಡುಗ, ಆಯೀ ಮುಂದ ಬಂದು ಕೂಡ್ರಿ, ನಿಮಗ ಛಲೋ ಕಾಣಸ್ತದ ಅಂದ." ಕಲ್ಲೊಂದನ್ನು ಅಂಗಳಕ್ಕೆ ಒಗೆದಳು. "ನೀವು ಎಲ್ಲಿಗಿ ಹೋಗ್ತಿದ್ರಿ ಬಿಡು. ಮನೀ ಮಂದಿ ಇದ್ದೀರಿ, ಸಿಗ್ತಿದ್ರಿ. ಗುಡ್ಡ ಸಿಗ್ತಿತ್ತೇನು?"

ಸಿಟ್ಟು ಮಾಡಬೇಕೋ, ನಗಬೇಕೋ, ಕಾಲು ಹಿಡಿಯಬೇಕೋ ತಿಳಿಯದೆ ಎದ್ದು ಅಂಗಡಿಗೆ ಹೋದೆ. ಆ ದಿನ ಒಬ್ಬ ಗಿರಾಕಿ ಜಂಪರಿನ ಬಟ್ಟೆ ಕೇಳಿದರೆ ಪೈಜಾಮದ್ದು ಹರಿದು ಕೊಟ್ಟೆ.

ಸಖೂಬಾಯಿ ಈಗಲೂ ಫೋನು ಮಾಡುತ್ತಾಳೆ. ಅವ್ವನಿಗೆ ಫೋನು ಇಲ್ಲದ್ದರಿಂದ ನನಗೇ ಬರುತ್ತದೆ, ನಾನು ಓಡಿಹೋಗಿ ಒಳಗೆ ಕೊಡಬೇಕು. ಆಕೆ ಮರಾಠಿ, ಈಕೆ ಕನ್ನಡ, ನಡುವೆ ಇಬ್ಬರದೂ ಮೊಣಕಾಲು ನೋವು. ನಿನ್ನೆ ಮಾತು ಬಹಳ ಹೊತ್ತು ನಡೆಯಿತು. ಫೋನು ತಿರುಗಿ ಕೊಡುತ್ತ ಅವ್ವ ಸುದ್ದಿ ಹೇಳಿದಳು. ಈ ಚಳಿಗಾಲ ಇಬ್ಬರೂ ಕೂಡಿ ಕೊಂಕಣದ ಕಡೆ ಇಳಿಯುವ ಘಾಟು ನೋಡಲು ಹೊರಟಿದ್ದಾರೆ. ಪ್ರಕಾಶ ಗಾಡಿ ಓಡಿಸುತ್ತಾನೆ. ಮುಂದಿನ ಸೀಟಿನಲ್ಲಿ ಹೋಗುವಾಗ ಅವ್ವ, ಬರುವಾಗ ಸಖೂಬಾಯಿ.

"ಮತ್ತ ನಾವು?" ಎಂದೆ.

"ನೀವೂ ಬರ್ರಿ, ಬ್ಯಾಡ ಅಂದವರ್ಯಾರು?" ಎಂದಳು ಅವ್ವ. "ರೇವಣಸಿದ್ಧನ ಗಾಡ್ಯಾಗ ಹಿಂದಿಂದ ಬರ್ರಿ. ಜರಾ ಸಂಭಾಳಿಸಿ ಬರ್ರಿ. ಮಂಜಿನಾಗ ನೀವು ಎಲ್ಲೆರ ತಪ್ಪಿಸ್ಕೊಂಡ್ರ ಈ ಸಲ ಹುಡುಕಾಕ ನಂಗ ಆಗಾಂಗಿಲ್ಲ."